ಮೌಸರ್ ಸಿ96 ಚಿತ್ರ ಹಂಚಿಕೊಳ್ಳುವ ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಗುಂಪಿಗೆ ಬರುವ ಮೌಸರ್ ಸಿ96 ಪಿಸ್ತೂಲಿನ ಚಿತ್ರಗಳಲ್ಲಿ ಹಿಡಿಕೆಯ ಮೇಲೆ ಕೆಂಪು ಒಂಬತ್ತು ಕಂಡೊಡನೆ ಅದನ್ನು ‘ರೆಡ್ ನೈನ್’, ಅಂದರೆ ಜರ್ಮನ್ ಸೈನ್ಯಕ್ಕಾಗಿ ತಯಾರಾದ 9 ಮಿ.ಮೀ. ಮಾದರಿ, ಎಂದು ತೀರ್ಮಾನಿಸಬೇಡಿರೆಂದು ಕೋರುತ್ತೇನೆ. ಮೊದಲ ಮಹಾಯುದ್ಧದಲ್ಲಿ ಪಿಸ್ತೂಲುಗಳ ಕೊರತೆ ಉಂಟಾದಾಗ, 1916ರಲ್ಲಿ ಜರ್ಮನ್ ಸೈನ್ಯವು ಮೌಸರ್ ಕಂಪನಿಗೆ 1,50,000 ಪಿಸ್ತೂಲುಗಳ ಬೇಡಿಕೆ ಸಲ್ಲಿಸಿತು. ಸಾಮಾನ್ಯ ಸಿ96ರ ಗುಂಡು 7.63 ಮಿ.ಮೀ.ನದಾಗಿದ್ದು, ಇವು ಮಾತ್ರ ಲೂಗರ್ ಪಿಸ್ತೂಲಿನ 9 ಮಿ.ಮೀ. ಪ್ಯಾರಾಬೆಲ್ಲಮ್ ಗುಂಡಿಗೆ ಹೊಂದುವಂತಿದ್ದುದರಿಂದ, ಸೈನಿಕರು ತಪ್ಪು ಗುಂಡು ತುಂಬದಿರಲೆಂದು ಮರದ ಹಿಡಿಕೆಯ ಎರಡೂ ಬದಿಯಲ್ಲಿ ದೊಡ್ಡ 9 ಕೆತ್ತಿ ಕೆಂಪು ಬಣ್ಣ ತುಂಬಲಾಯಿತು.

ಬಣ್ಣವನ್ನು ಯಾರು ಬೇಕಾದರೂ ಆಮೇಲೆ ಬಳಿಯಬಹುದು, ಹಿಡಿಕೆಯ ಮರವನ್ನೇ ಬದಲಿಸಲೂಬಹುದು. ಆದ್ದರಿಂದ ಹಿಂಬದಿಯ ಗುರಿಪಟ್ಟಿಯನ್ನು (ದೂರಕ್ಕೆ ತಕ್ಕಂತೆ ಗುರಿ ಹೊಂದಿಸುವ, ಅಂಕೆಗಳಿರುವ ಪಟ್ಟಿ) ನೋಡಿರಿ: ಈ ಸೈನಿಕ ಮಾದರಿಯಲ್ಲಿ ಅಂಕೆಗಳು 500 ಮೀಟರಿಗೆ ಮುಗಿಯುತ್ತವೆ, ಮಾರುಕಟ್ಟೆಯ ಮಾದರಿಗಳಲ್ಲಿ ಸಾಮಾನ್ಯವಾಗಿ 1000ದವರೆಗೆ ಸಾಗುತ್ತವೆ. ಕೆತ್ತನೆಯ ಅಂಚನ್ನು ಓರೆ ಬೆಳಕಿನಲ್ಲಿ ಹಿಡಿದರೆ, ಹಳೆಯ ಬಣ್ಣ ಬೆರಳು ತಾಗುವೆಡೆ ಸವೆದು, ಗೆರೆಯ ತಳದಲ್ಲಷ್ಟೇ ಕಪ್ಪಿಟ್ಟು ಉಳಿದಿರುವುದು ಕಾಣಬಹುದು. ಇಡೀ ಅಂಕೆ ಒಂದೇ ಸಮನೆ ಹೊಳೆಯುತ್ತಿದ್ದರೆ ನಾನಂತೂ ಅನುಮಾನಿಸುತ್ತೇನೆ.

ನನ್ನ ಮಟ್ಟಿಗೆ ರೆಡ್ ನೈನ್‌ಗಿಂತಲೂ ಚೆಲುವಾದದ್ದು, 1899ರಲ್ಲಿ ಇಟಲಿಯ ನೌಕಾಪಡೆ 5,000 ಸಂಖ್ಯೆಯಲ್ಲಿ ತರಿಸಿಕೊಂಡ ಸಿ96 ಮಾದರಿ: ಚೌಕಟ್ಟಿನ ಬದಿಗಳಲ್ಲಿ ಎಂದಿನ ತಗ್ಗುಗಳಿಲ್ಲದೆ ಉಕ್ಕು ಚಪ್ಪಟೆಯಾಗಿ, ನುಣುಪಾಗಿದೆ.

ಇನ್ನು ಮುಂದೆ ಚಿತ್ರ ಹಾಕುವಾಗ ಎರಡೂ ಬದಿ, ಗುರಿಪಟ್ಟಿ, ಹ್ಯಾಮರ್ (ಗುಂಡು ಸಿಡಿಸಲು ಬಡಿಯುವ ಭಾಗ) ಮತ್ತು ಮುದ್ರೆಗಳನ್ನು ಹತ್ತಿರದಿಂದ ತೆಗೆದು ಕಳುಹಿಸಿರಿ.