ಹೆಣ್ಣು ಸಿಗುತ್ತಿಲ್ಲ ಅನ್ನುವ ಮಗನಿಗೆ

ಮೈಸೂರು

ಪ್ರೀತಿಯ ಮಗನಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು.

ಹೈವೇ ಪಕ್ಕದ ಗದ್ದೆ ಮಾರಿ ಇಲ್ಲಿ ಮೈಸೂರಿನಲ್ಲಿ ಸೈಟು ತಗೊಂಡರೆ ಹೆಣ್ಣಿನ ಕಡೆಯವರು ಒಪ್ಪುತ್ತಾರೆ ಅನ್ನುವುದು ನಿನ್ನ ಲೆಕ್ಕ. ಅದಕ್ಕೆ ನಿನ್ನ ಅಕ್ಕ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು, ನಾನು ಅವಳಿಗೆ ಒಂದು ಮಾತು ಹೇಳಬೇಕು ಅಂತ ನೀನು ಅಂದೆ. ಹೇಳುವುದಿಲ್ಲ. ಸಿಟ್ಟು ಮಾಡಿಕೊಳ್ಳದೆ ಪೂರ್ತಿ ಓದು.

ಇದು ನಿನ್ನೊಬ್ಬನ ಹಣೆಬರಹ ಅಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಮಂಡ್ಯದ ಹುಡುಗರು ಹೆಣ್ಣು ಸಿಗಲಿ ಅಂತ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದರಲ್ಲ, ನೋಡಿದವರೆಲ್ಲ ನಕ್ಕರು. ಅದೇ ವರ್ಷದ ಕೊನೆಗೆ ನಮ್ಮ ಜಿಲ್ಲೆಯದೇ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಿಷನ್ ಇಟ್ಟುಕೊಂಡು ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಅಂತ ನೋಡುತ್ತಿದ್ದದ್ದು ಬಯಲಾಯಿತು. ಬೆಲ್ಲ ಬೇಯಿಸುವ ಜಾಗದಲ್ಲಿ! ಈ ಎರಡು ಸುದ್ದಿಯನ್ನು ಅಕ್ಕಪಕ್ಕ ಇಟ್ಟು ಓದಿದವರು ಎಷ್ಟು ಜನ?

ನೀನು ಮಾತೆತ್ತಿದರೆ ಕೊರಿಯಾದ ಕಾರು, ಕೊರಿಯಾದ ಫೋನು ಅಂತೀಯ. ಅಲ್ಲಿನ ಹಳ್ಳಿಗಳ ಕಥೆಯನ್ನೂ ಕೇಳು. 1960, 70ರ ದಶಕದಲ್ಲಿ ಅಲ್ಲಿ ಬಟ್ಟೆ, ವಿಗ್ಗು ಮಾಡುವ ಫ್ಯಾಕ್ಟರಿಗಳು ಎದ್ದವು. ಹಳ್ಳಿ ಹುಡುಗಿಯರು ಸೋಲ್ ನಗರ ಸೇರಿದರು. ಕೂಲಿ ಕಡಿಮೆ, ದುಡಿತ ಜಾಸ್ತಿ. ಆ ದುಡ್ಡಲ್ಲೇ ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರು ಓದಿದರು. ಹೋದವರು ಮಾತ್ರ ಹೊಲಕ್ಕೆ ಸೊಸೆಯಾಗಿ ಬರಲು ಒಪ್ಪಲಿಲ್ಲ. ಜಮೀನು ನೋಡಿಕೊಂಡು ಉಳಿದ ಗಂಡುಮಕ್ಕಳು ಹಾಗೇ ಉಳಿದರು. 2005ರಲ್ಲಿ ಅಲ್ಲಿ ಮದುವೆಯಾದ ರೈತರು, ಮೀನುಗಾರರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಜನ ತಂದದ್ದು ಹೊರದೇಶದ ಹೆಣ್ಣನ್ನು. ಜಪಾನಿನದು ಇನ್ನೂ ಹಳೆಯ ಕಥೆ. ಯಮಗಾಟ ಕಡೆಯ ಅಸಾಹಿ ಅನ್ನುವ ಊರಿನ ಆಡಳಿತವೇ 1985ರಲ್ಲಿ ಮುಂದೆ ನಿಂತು ಫಿಲಿಪೀನ್ಸಿನಿಂದ ವಧುಗಳನ್ನು ಕರೆಸಿತ್ತು.

ಹೊಟ್ಟೆಯಲ್ಲೇ ಹೆಣ್ಣು ತೆಗೆಸುವುದೂ ಕೊರಿಯಾದಲ್ಲಿ ಇತ್ತು. ಮಗು ಯಾವುದೆಂದು ಡಾಕ್ಟರು ಹೇಳಬಾರದು ಅಂತ 1987ರಲ್ಲೇ ಕಾನೂನು ಬಂತು. ಆದರೂ 1990ರಲ್ಲಿ 100 ಹೆಣ್ಣುಮಕ್ಕಳಿಗೆ 116 ಗಂಡುಮಕ್ಕಳು ಹುಟ್ಟಿದರು. ಆಮೇಲೆ ಹೆಂಗಸರಿಗೆ ಓದು, ಕೆಲಸ ಬಂತು. 1991ರಿಂದ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು ಬಂತು. 2007ರ ಹೊತ್ತಿಗೆ ಹುಟ್ಟುವ ಗಂಡು ಹೆಣ್ಣಿನ ಲೆಕ್ಕ ಸರಿಹೋಯಿತು. ಗಂಡಸೇ ಮನೆಯ ಯಜಮಾನ ಅನ್ನುವ ಕಾನೂನೂ 2008ಕ್ಕೆ ಹೋಯಿತು. ಬರೀ ಪೊಲೀಸರಿಂದ ಇದು ಆಗಲಿಲ್ಲ ಅಂತಲೇ ನನ್ನ ನಂಬಿಕೆ. ಹಾಗಂತ ಅದೇನೂ ಸ್ವರ್ಗ ಅಲ್ಲ. ಆಫೀಸಿನ ಜೊತೆ ಮನೆಗೆಲಸವೂ ತಮ್ಮ ತಲೆಗೇ ಅಂತ ಈಗ ಅಲ್ಲಿನ ಹುಡುಗಿಯರಲ್ಲಿ ತುಂಬ ಜನ ಮದುವೆಯೇ ಬೇಡ ಅನ್ನುತ್ತಿದ್ದಾರೆ.

ಈಗ ನಮ್ಮ ಮನೆಗೆ ಬಾ. ನಿನ್ನನ್ನು ಬೇಡ ಅಂದ ಹುಡುಗಿಗೆ ಮಣ್ಣಿನ ಮೇಲೆ ದ್ವೇಷ ಇಲ್ಲ. ಅವಳು ತನ್ನ ತಾಯಿಯನ್ನು ನೋಡಿದ್ದಾಳೆ. ನಸುಕಿಗೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಕಬ್ಬಿನ ಗದ್ದೆಯಲ್ಲಿ ಕಳೆ ಕಿತ್ತರೂ ಪಹಣಿಯಲ್ಲಿ ಆ ತಾಯಿಯ ಹೆಸರಿಲ್ಲ. ಕಬ್ಬಿನ ದುಡ್ಡು ವರ್ಷಕ್ಕೊಮ್ಮೆ ಬರುತ್ತದೆ, ಗಂಡನ ಖಾತೆಗೆ. ಹಾಲಿನ ಬಟವಾಡೆ ಒಂದೇ ಕಣ್ಣಿಗೆ ಕಾಣುವ ಕಾಸು. ಡೇರಿಯ ಸದಸ್ಯತ್ವವೂ ಗಂಡನ ಹೆಸರಲ್ಲಿದ್ದರೆ ಅದೂ ಹೋಯಿತು. ನೀನು ಸೈಟು ತಗೊಂಡರೆ ಇದರಲ್ಲಿ ಯಾವುದು ಬದಲಾಗುತ್ತದೆ ಹೇಳು? ಸೈಟೂ ನಿನ್ನ ಹೆಸರಲ್ಲೇ ಅಲ್ವಾ?

ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಪಾಲು ಅಂತ ನಮ್ಮ ರಾಜ್ಯ 1994ರಲ್ಲೇ ಕಾನೂನು ಮಾಡಿತು. ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಅಕ್ಕನ ಪಾಲು ಅಕ್ಕನಿಗೆ ಕೊಡು. ಅವಳು ಮಾರುತ್ತಾಳೋ ಇಟ್ಟುಕೊಳ್ಳುತ್ತಾಳೋ, ಅವಳಿಷ್ಟ. ನಿನ್ನ ಪಾಲಿನದನ್ನು ಮಾರಬೇಡ. ನಾಳೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಹತ್ತಿರವೇ ಕೂತು ಮಾತಾಡು. ಡೇರಿ ಸದಸ್ಯತ್ವ ಅವಳ ಹೆಸರಿಗೆ, ಜಮೀನು ಜಂಟಿ ಖಾತೆಗೆ ಅಂತ ಹೇಳು. ಅವಳು ಮದ್ದೂರಿಗೋ ಮಂಡ್ಯಕ್ಕೋ ಕೆಲಸಕ್ಕೆ ಹೋಗಿಬರುವುದಾದರೆ ಬೇಡ ಅನ್ನಬೇಡ. ಅಷ್ಟರೊಳಗೆ ಮುದ್ದೆ ಕಟ್ಟುವುದನ್ನು ಕಲಿತುಕೊ, ಸುಮ್ನೆ ತಮಾಷೆಗೆ ಹೇಳುತ್ತಿಲ್ಲ.

ನಿಮ್ಮಪ್ಪ ಕೂಗಾಡುತ್ತಾನೆ. ಅತ್ತೆ ಹೇಳಿದಳು ಅಂತ ನನ್ನ ಮೇಲೆ ಹಾಕು, ತಮ್ಮನನ್ನು ನಾನು ನೋಡಿಕೊಳ್ಳುತ್ತೇನೆ. ಮೊದಲು ನಾಡಕಚೇರಿಯಿಂದ ಪಹಣಿ ನಕಲು ತೆಗೆಸು. ಅದನ್ನು ತಗೊಂಡು ಅಕ್ಕನ ಮನೆಗೆ ಹೋಗಿ, ಭಾಗ ಹೇಗೆ ಮಾಡೋಣ ಅಂತ ಅವಳನ್ನೇ ಕೇಳು.

ನಿನ್ನ ಅತ್ತೆ