ಕೇಳೋಕೆ ಯಾರೂ ಇರಲಿಲ್ಲ ಅಂದೆಯಲ್ಲ, ಪುಟ್ಟಿ

ಚಿ. ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಮೊನ್ನೆ ಬಂತು. ಕೆಲಸದ ವಿಷಯ, ಮನೆ ಬದಲಾಯಿಸಿದ್ದು ಎಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿದ್ದ, ಅದಕ್ಕೆಲ್ಲ ಉತ್ತರ ಬರೆಯುತ್ತಿಲ್ಲ. ಕೊನೆಯಲ್ಲಿ ನಾಲ್ಕು ಸಾಲು ಬರೆದಿದ್ದೀಯಲ್ಲ, ಅಲ್ಲೇ ನಿಂತುಹೋದೆ. ಕೈ ಮೇಲೆ ಬಳ್ಳಿಯ ಟ್ಯಾಟೂ ಹಾಕಿಸಿಕೊಳ್ಳಬೇಕು ಅಂತ ಆಸೆಯಾಗಿ, ಚಿತ್ರವನ್ನು ಮೊಬೈಲಿನಲ್ಲಿ ಗುರುತು ಪರಿಚಯ ಇಲ್ಲದವರಿಗೆ ತೋರಿಸಿ, ಹಾಕಿಸಿಕೊಳ್ಳಲಾ ಬೇಡವಾ, ಮುಂದೆ ಬೇಜಾರಾದರೆ ಏನು ಮಾಡಲಿ ಅಂತ ಕೇಳಿದೆಯಂತೆ. "ಬೇರೆ ಯಾರನ್ನ ಕೇಳಲಿ ಅತ್ತೆ, ಕೇಳೋಕೆ ಯಾರೂ ಇರಲಿಲ್ಲ."

ಟ್ಯಾಟೂ ಅಂದಿದ್ದಕ್ಕೆ ನನಗೇನೂ ಆಗಲಿಲ್ಲ. ನಮ್ಮ ಮನೆ ಹೆಂಗಸರು ಯಾರ ಕೈಯೂ ಹಚ್ಚೆ ಇಲ್ಲದೆ ಇರಲಿಲ್ಲ. ಯಾರೂ ಇರಲಿಲ್ಲ ಅಂದೆಯಲ್ಲ, ಅದು ಎರಡು ರಾತ್ರಿಯಿಂದ ನಿದ್ದೆ ಕೆಡಿಸಿದೆ.

1966ರಲ್ಲಿ ನನಗೆ ಒಂಬತ್ತು ವರ್ಷ. ಸುಗ್ಗಿ ಮುಗಿದ ಮೇಲೆ ಊರಿಗೆ ಹಚ್ಚೆ ಹುಯ್ಯುವ ಹೆಂಗಸು ಬರುತ್ತಿದ್ದಳು. ಜಗಲಿ ಮೇಲೆ ಕೂತು, ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ ತೆಂಗಿನ ಚಿಪ್ಪಿನಲ್ಲಿ ಇಟ್ಟುಕೊಂಡಳು. ಮೂರು ಸೂಜಿ ಸೇರಿಸಿ ನೂಲಿನಲ್ಲಿ ಬಿಗಿದಿದ್ದಳು. ನನ್ನ ಎಡಗೈಯನ್ನು ತನ್ನ ಮಂಡಿಯ ಕೆಳಗೆ ಒತ್ತಿ ಹಿಡಿದು, ನಾನು ಅರಚುತ್ತಿದ್ದರೆ ಅವಳು ಹಾಡು ಹೇಳುತ್ತಾ ಚುಚ್ಚುತ್ತಿದ್ದಳು. ತುಳಸಿಕಟ್ಟೆ, ಸುತ್ತ ಚುಕ್ಕಿ. ಮುಗಿದ ಮೇಲೆ ಅರಿಸಿನ ಒತ್ತಿದಳು. ಅಮ್ಮ ಮೊರದ ತುಂಬ ರಾಗಿ ಕೊಟ್ಟು ಕಳಿಸಿದಳು. ಸತ್ತಾಗ ಮೈಮೇಲಿನ ಒಡವೆ ಎಲ್ಲ ಬಿಚ್ಚಿಕೊಳ್ತಾರೆ, ಇದೊಂದೇ ಜೊತೆಗೆ ಬರೋದು ಅಂತ ದೊಡ್ಡಮ್ಮ ಸಮಾಧಾನ ಮಾಡಿದ್ದು ಇನ್ನೂ ಕಿವಿಯಲ್ಲಿದೆ.

ಅವತ್ತು ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಯಾವ ಚಿತ್ರ, ಎಲ್ಲಿಗೆ ಅನ್ನುವುದನ್ನೆಲ್ಲ ಮನೆ ಹೆಂಗಸರು ನಿಂತು ಹೇಳಿದರು. ನಿನಗೆ ಹಾಗಲ್ಲ. ಸಾವಿರ ಚಿತ್ರದಲ್ಲಿ ಒಂದನ್ನು ನೀನೇ ಆರಿಸಬೇಕು, ತಪ್ಪಾದರೆ ನೀನೊಬ್ಬಳೇ ಹೊರಬೇಕು. ಯಾರಾದರೂ ಒಬ್ಬರು ಹೂಂ ಅನ್ನಲಿ ಅನ್ನಿಸುವುದು ಸಹಜ. ಅದು ನನಗೆ ಅರ್ಥವಾಗುತ್ತೆ. ಆ ಒಬ್ಬರು ನಾವು ಯಾಕೆ ಆಗಲಿಲ್ಲ ಅನ್ನುವುದೇ ನನ್ನ ಸಂಕಟ.

ಅದೂ ನನಗೆ ಗೊತ್ತಿಲ್ಲದ್ದೇನಲ್ಲ. ನೀನು ಪಿಯುಸಿ ಮುಗಿಸಿದ ವರ್ಷ ಕೂದಲು ಕತ್ತರಿಸಿಕೊಂಡು ಬಂದಿದ್ದೆ. ಎಲ್ಲರೂ ಊಟಕ್ಕೆ ಕೂತಿದ್ದೆವು. ನಾನು ಒಂದು ಮಾತೂ ಆಡದೆ, ಅರ್ಧ ಊಟಕ್ಕೇ ಎದ್ದು ಕೈ ತೊಳೆದು ಒಳಗೆ ಹೋದೆ. ಬೈದಿದ್ದರೂ ಚೆನ್ನಾಗಿತ್ತು. ನೀನು ಅದನ್ನು ಮರೆತಿರಬಹುದು, ಈ ಕಾಗದ ಓದಿದ ಮೇಲೆ ಮರೆತಿಲ್ಲ ಅಂತಲೇ ಅನ್ನಿಸುತ್ತಿದೆ. ಮನೆಯಲ್ಲಿ ಒಂದು ವಿಷಯ ಕೇಳಿದರೆ ಸಂಜೆಯೊಳಗೆ ಅದು ಸುದ್ದಿ. ಚಿಕ್ಕಪ್ಪನಿಗೆ ಹೋಗುತ್ತೆ, ಮುಂದಿನ ಮದುವೆ ಮನೆಯಲ್ಲಿ ನಾಲ್ಕು ಜನ ನಿನ್ನ ಕೈ ನೋಡುತ್ತಾರೆ. ಗೊತ್ತಿಲ್ಲದವರು ಹೂಂ ಅಂದರೆ ಧೈರ್ಯ, ಉಹೂಂ ಅಂದರೆ ಅಲ್ಲಿಗೇ ಬಿಟ್ಟರಾಯಿತು.

ನಾನೂ ಹಾಗೆ ಕೇಳಿದವಳು, ಪುಟ್ಟಿ. ಇದನ್ನು ನಿಮ್ಮಪ್ಪನಿಗೂ ಹೇಳಿಲ್ಲ. 1976ರಲ್ಲಿ ಮೈಸೂರಿನಲ್ಲಿ ಟೀಚರ್ ಟ್ರೈನಿಂಗಿಗೆ ಸೇರಿದಾಗ ಜೊತೆಯ ಹುಡುಗಿಯರು ನನ್ನ ಕೈ ನೋಡಿ ಹಳ್ಳಿ ಗುಗ್ಗು ಅಂತ ನಕ್ಕರು. ಹಚ್ಚೆ ತೆಗೆಯಬೇಕು ಅನ್ನಿಸಿತು. ಅಮ್ಮನನ್ನು ಹೇಗೆ ಕೇಳಲಿ? ಹುಯ್ಯಿಸಿದವಳೇ ಅವಳು. ಊರಿಗೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸನ್ನು ಕೇಳಿದೆ. ಹೆಸರು ಗೊತ್ತಿಲ್ಲ, ಮತ್ತೆ ನೋಡಲೂ ಇಲ್ಲ. ಅವಳು ಅಕ್ಕರೆಯಿಂದಲೇ ಹೇಳಿದಳು, ಸುಣ್ಣಕ್ಕೆ ಬಟ್ಟೆ ಸೋಡಾ ಕಲಸಿ ಹಚ್ಚು, ನರುಲಿ ಉದುರುತ್ತಲ್ಲ, ಹಾಗೆ ಇದೂ ಹೋಗುತ್ತೆ ಅಂತ. ಯಾರಿಗೋ ಹೇಳಿಕೊಂಡೆನಲ್ಲ ಅಂತ ಅವತ್ತು ಎಷ್ಟು ಹಗುರಾಗಿತ್ತು ಗೊತ್ತಾ. ಹಾಸ್ಟೆಲಿಗೆ ಮರಳಿದ ರಾತ್ರಿಯೇ ಹಚ್ಚಿದೆ. ಚರ್ಮ ಸುಟ್ಟು ಕೀವಾಯಿತು. ಮಾಯುವಾಗ ಗಾಯ ಉಬ್ಬಿ, ಗಾಯ ಇದ್ದ ಜಾಗವನ್ನೂ ದಾಟಿ ಗಂಟುಗಟ್ಟಿತು. ತುಳಸಿಕಟ್ಟೆ ಅರ್ಧ ಹೋಯಿತು, ಅರ್ಧ ಇದೆ. ಮೂವತ್ತು ವರ್ಷ ಪಾಠ ಮಾಡಿದ್ದು ಉದ್ದ ತೋಳಿನ ರವಿಕೆಯಲ್ಲೇ. ನೀನು ಕೇಳಿದಾಗಲೆಲ್ಲ ಒಲೆ ತಾಗಿದ್ದು ಅಂತ ಸುಳ್ಳು ಹೇಳಿದ್ದೇನೆ.

ಅಮ್ಮ ನೋಡಿದಾಗ ಬೈಯಲಿಲ್ಲ. ತನ್ನ ಕಿವಿ ತೋರಿಸಿದಳು. ಬುಗುಡಿಗೆ ಅಂತ ಮೇಲುಗಿವಿ ಚುಚ್ಚಿಸಿದ ಕಡೆ ಹುಣಸೆಬೀಜದಷ್ಟು ದಪ್ಪ ಗಂಟು ಬೆಳೆದಿತ್ತು. "ನಮ್ಮ ಮೈ ಗಾಯ ತಡೆಯಲ್ಲ ಕಣೆ. ನನ್ನ ಒಂದು ಮಾತು ಕೇಳಬಾರದಿತ್ತಾ?" ನೀನು ಮಗುವಾಗಿದ್ದಾಗ ಅಜ್ಜಿಯ ತೊಡೆ ಮೇಲೆ ಕೂತು ಅದೇ ಗಂಟು ಹಿಡಿದು ಆಡುತ್ತಿದ್ದೆ, ನೆನಪಿದೆಯಾ? ಅದಕ್ಕೆ ಕೆಲಾಯ್ಡ್ ಅಂತಾರೆ, ಕೆಲವು ಮನೆತನಗಳಲ್ಲಿ ಹೆಚ್ಚು ಅಂತ ಚರ್ಮದ ಡಾಕ್ಟರು ಹೇಳುವಷ್ಟರಲ್ಲಿ ನನಗೆ ನಲವತ್ತಾಗಿತ್ತು.

ನಿನಗೆ ಉತ್ತರ ಕೊಟ್ಟವರು ಒಳ್ಳೆಯವರೇ ಇರಬಹುದು. ಚಿತ್ರ ಚೆನ್ನಾಗಿದೆ, ನೋವು ಇಷ್ಟೇ ಅಂತ ಅವರು ಹೇಳಬಲ್ಲರು. ಅವರು ನಿನ್ನ ಅಜ್ಜಿಯ ಕಿವಿ ನೋಡಿಲ್ಲ. ನನ್ನನ್ನು ಕೇಳಿದ್ದರೆ ಅದೊಂದನ್ನು ಹೇಳುತ್ತಿದ್ದೆ. ಅಥವಾ ಅವತ್ತಿನ ಹಾಗೆ ಎದ್ದು ಹೋಗುತ್ತಿದ್ದೆನೋ ಏನೋ. ಅದನ್ನು ನೆನೆದರೇ ಹೆದರಿಕೆಯಾಗುತ್ತೆ.

ಸೂಜಿಯ ಗಾಯ ನನಗೆ ಚೆನ್ನಾಗೇ ಮಾಯ್ದಿತ್ತು, ಸುಟ್ಟದ್ದು ಹಾಗಾಯಿತು. ನಿನ್ನ ಮೈ ಹೇಗೋ ಹೇಳಲಾರೆ. ಅದಕ್ಕೇ ಮೊದಲು ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸು, ಅಜ್ಜಿಯದು ನನ್ನದು ಎರಡೂ ಹೇಳು. ನಿನಗೆ ಇದೆಲ್ಲ ಗೊತ್ತೇ ಇರಬಹುದು, ಆದರೂ ಬರೆಯುತ್ತೇನೆ. ಸೂಜಿಯ ಪೊಟ್ಟಣ ನಿನ್ನ ಎದುರಿಗೇ ಒಡೆಯಲಿ, ಬಣ್ಣ ಹೊಸ ಬಟ್ಟಲಿಗೆ ಹಾಕಲಿ. ನಮ್ಮ ಕಾಲದಲ್ಲಿ ಒಂದೇ ಸೂಜಿ ಊರಿಗೆಲ್ಲ ಆಗುತ್ತಿತ್ತು. ಕಾಮಾಲೆಯಲ್ಲಿ ರಕ್ತದಿಂದ ಹರಡುವಂಥದ್ದೂ ಇದೆ ಅಂತ ಯಾರಿಗೆ ಗೊತ್ತಿತ್ತು. ನೀನು ರಕ್ತ ಕೊಡುವವಳು, ಟ್ಯಾಟೂ ಆದ ಮೇಲೆ 12 ತಿಂಗಳು ನಿನ್ನ ರಕ್ತ ತೆಗೆದುಕೊಳ್ಳುವುದಿಲ್ಲ. ಬೇಡವಾದಾಗ ಲೇಸರಿನಲ್ಲಿ ತೆಗೆಸಬಹುದು ಅಂದಿದ್ದಾರೆ ಅಂತ ಬರೆದಿದ್ದೀಯ. ಅದು ಒಂದೇ ಸಲಕ್ಕೆ ಆಗುವುದಿಲ್ಲ, ವಾರಗಟ್ಟಲೆ ಬಿಟ್ಟು ಬಿಟ್ಟು ಎಷ್ಟೋ ಸಲ ಹೋಗಬೇಕು. ಕಪ್ಪಾದರೆ ವಾಸಿ, ಹಸಿರು ಹಳದಿ ಬಲು ಹಟ. ಬಳ್ಳಿಗೆ ಹಸಿರೇ ಬೇಕು ಅಂತ ಇದ್ದೀಯೇನೋ.

ಹಾಕಿಸಿಕೋ ಅಂತಲೂ ಬೇಡ ಅಂತಲೂ ನಾನು ಹೇಳುತ್ತಿಲ್ಲ. ನಿಮ್ಮಪ್ಪನಿಗೆ ನಾನಾಗಿ ಏನೂ ಹೇಳುವುದಿಲ್ಲ, ಅಷ್ಟು ನಂಬು.

ಆ ಬಳ್ಳಿ ಯಾವುದು, ಯಾಕೆ ಅದೇ ಬೇಕು ಅಂತ ಆ ಗುರುತಿಲ್ಲದವರು ಕೇಳಿದರಂತೆ, ನೀನು ಹೇಳಿದೆಯಂತೆ. ನನಗೆ ಬರೆದಿಲ್ಲ. ಗೌರಿ ಹಬ್ಬಕ್ಕೆ ಬರುತ್ತೀಯಲ್ಲ, ಆಗ ಹೇಳು. ಊಟಕ್ಕೆ ಕೂತಾಗಲೇ ಹೇಳು, ನಾನು ಏಳುವುದಿಲ್ಲ.

ಇಂತಿ ನಿನ್ನ ಪ್ರೀತಿಯ
ಅತ್ತೆ