ನಿನ್ನ ಅಜ್ಜ ‘ನಿರ್ವಹಣೆ’ ಮಾಡಿದ್ದಲ್ಲ ಮಾರಾಯ

ಪ್ರೀತಿಯ ತಮ್ಮ,

ನಿನ್ನ ಕತೆ ಓದಿದೆ. ಚೆನ್ನಾಗಿದೆ, ಆದರೆ ಎರಡನೇ ಪುಟದಲ್ಲೇ ಎಡವಿದ್ದೀಯ. ‘ಮಳೆಗಾಲಕ್ಕೆ ಮೊದಲು ಅಜ್ಜ ಮನೆಯ ನಿರ್ವಹಣೆ ಮಾಡುತ್ತಿದ್ದರು’ ಅಂತೆ. ಯಾವ ಅಜ್ಜ ಹಾಗೆ ಹೇಳ್ತಾರೆ? ಮೆಂಟೆನೆನ್ಸ್ ಅನ್ನೋ ಪದ ನಿನ್ನ ತಲೆಗೆ ಬಂತು, ನಿಘಂಟು ತೆಗೆದೆ, ಮೊದಲು ಸಿಕ್ಕ ಅರ್ಥ ಇಟ್ಟೆ. ಅಲ್ವಾ?

ನಮ್ಮ ಮಲೆನಾಡಲ್ಲಿ ಆ ಕೆಲಸಕ್ಕೆ ‘ಹೆಂಚು ಕೈಯಾಡಿಸೋದು’ ಅಂತಾರೆ. ಮೇ ಕೊನೆಗೆ ಅಪ್ಪ ಮಾಡು, ಅಂದರೆ ಮನೆಯ ಸೂರು, ಹತ್ತಿ, ತರಗೆಲೆ ಗುಡಿಸಿ, ಜಾರಿದ ಹೆಂಚನ್ನು ಸರಿಯಾಗಿ ಕೂರಿಸಿ, ಒಡೆದದ್ದನ್ನು ತೆಗೆದು ಬೇರೆ ಇಡುತ್ತಿದ್ದರು. ನಾನು ಒಳಗೆ ಕತ್ತಲಲ್ಲಿ ತಲೆ ಎತ್ತಿ ನಿಲ್ಲಬೇಕು. ಎಲ್ಲಿ ಕಾಸಿನಗಲ ಬೆಳಕು ಕಾಣುತ್ತೋ ಅಲ್ಲಿಗೆ ಉದ್ದ ಕೋಲಿನಿಂದ ತಟ್ಟಿ ‘ಇಲ್ಲಿ, ಇಲ್ಲಿ’ ಅಂತ ಕೂಗಬೇಕು, ಕಣ್ಣಿಗೆ ಬೀಳೋ ದೂಳು ಬೇರೆ. ಇದೆಲ್ಲ ‘ನಿರ್ವಹಣೆ’ಯಲ್ಲಿ ಎಲ್ಲಿದೆ ಹೇಳು? ತಮಾಷೆ ಅಂದ್ರೆ, ಆ ಇಂಗ್ಲಿಷ್ ಪದದ ಬೇರಲ್ಲೂ ಕೈ ಇದೆ. ಲ್ಯಾಟಿನ್‌ನಲ್ಲಿ ಮಾನುಸ್ ಅಂದರೆ ಕೈ, ತೆನೇರೆ ಅಂದರೆ ಹಿಡಿಯೋದು.

ನಾನೂ ಕಮ್ಮಿ ಎಡವಿಲ್ಲ. ಪತ್ರಿಕೆಯೊಂದಕ್ಕೆ ಹೊಸದಾಗಿ ಸೇರಿದಾಗ ಕೋರ್ಟ್ ಸುದ್ದಿ ಅನುವಾದ ಮಾಡುತ್ತಾ, ಇದೇ ಮೆಂಟೆನೆನ್ಸ್ ಪದಕ್ಕೆ, ಗಂಡ ಹೆಂಡತಿಗೆ ತಿಂಗಳಿಗಿಷ್ಟು ‘ದುರಸ್ತಿ ವೆಚ್ಚ’ ಕೊಡಬೇಕು ಅಂತ ಬರೆದುಬಿಟ್ಟಿದ್ದೆ. ಹಿರಿಯರೊಬ್ಬರು ಡೆಸ್ಕಿಗೆಲ್ಲ ಕೇಳೋ ಹಾಗೆ ಓದಿ, ‘ಹೆಂಡತಿ ಏನು ಹಳೇ ಸ್ಕೂಟರಾ?’ ಅಂದರು. ಅದು ಜೀವನಾಂಶ. 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ವಯಸ್ಸಾದ ತಂದೆ ತಾಯಿ ಮಕ್ಕಳಿಂದ ಕೇಳಬಹುದಾದದ್ದೂ ಅದೇ.

ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ ‘ಮೆಂಟೆನೆನ್ಸ್ ಎಷ್ಟು?’ ಅಂದರೆ ಲಿಫ್ಟು, ಸೆಕ್ಯೂರಿಟಿ, ಕಸ ಅಂತ ತಿಂಗಳಾ ತಿಂಗಳಾ ಕಟ್ಟೋ ದುಡ್ಡು. ಅದನ್ನ ಹಾಗೇ ಬಿಡು, ಸುಮ್ನೆ ಕನ್ನಡ ಮಾಡೋಕೆ ಹೋಗಬೇಡ. ‘ನಿರ್ವಹಣೆ’ ರಸ್ತೆ ಟೆಂಡರಿಗೆ ಸರಿ.

ಉಳಿದಂತೆ, ಯಾವ ವಸ್ತು ಅಂತ ಮೊದಲು ನೋಡು. ಕೆರೆ ಆದರೆ ಹೂಳೆತ್ತುತ್ತೇವೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತೇವೆ. ಬೈಕು ಸರ್ವೀಸಿಗೆ ಬಿಡುತ್ತೇವೆ, ಒಡವೆ ಜೋಪಾನ ಮಾಡುತ್ತೇವೆ, ದನ ಕರು ನೋಡಿಕೊಳ್ಳುತ್ತೇವೆ. ಹಳೇ ಶಾಸನಗಳಲ್ಲಿ ದೇವಸ್ಥಾನಕ್ಕೆ ಭೂಮಿ ಬಿಡುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆ ಅಂತ ಬರೆಸುತ್ತಿದ್ದರು. ಸಂಸ್ಕೃತ ಜಾಸ್ತಿ ಆಯ್ತು, ಒಪ್ಪಿದೆ. ಆದರೆ ನೋಡು, ಮುರಿದದ್ದು, ಬಿರುಕು ಬಿಟ್ಟದ್ದು ಅಂತ ಕಲ್ಲಲ್ಲಿ ಕೆತ್ತಿಸುವಾಗಲೂ ಬಿಡಿಸಿ ಹೇಳಿದ್ದಾರೆ. ನಿನಗೆ ಇರೋದು ಬರೀ ಕಾಗದ.

ಅಜ್ಜನನ್ನು ಮಾಡು ಹತ್ತಿಸು. ಕೆಳಗೆ ಏಣಿ ಹಿಡಿದವರು ಯಾರು ಅಂತ ನೀನು ಬರೆದೇ ಇಲ್ಲ, ಅದನ್ನೂ ಬರಿ. ಮಳೆ ಹಿಡಿಯೋದರೊಳಗೆ ಆ ಪುಟ ತಿದ್ದಿ ಕಳಿಸು.

ನಿನ್ನ ಅಣ್ಣ